ಮೀಟುವ ತಾಣ, ಆಲಿಸುವ ತಾಣ

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುಹಾದಿಯಲ್ಲಿ ದೋಣಿಗಲ್, ಕಡಗರವಳ್ಳಿಗಳನ್ನು ದಾಟಿದರೆ ಎಡಕುಮೇರಿ ಎಂಬ ಪುಟ್ಟ ನಿಲ್ದಾಣ ಸಿಕ್ಕುತ್ತದೆ. ಸುತ್ತ ದಟ್ಟವಾದ ಕಾಡು. ಊರೆಂದು ಹೇಳಿಕೊಳ್ಳುವಂಥದು ಅಲ್ಲಿ ಏನೂ ಕಣ್ಣಿಗೆ ಬೀಳದು. 1979ರಲ್ಲಿ ಮೀಟರ್‌ಗೇಜಾಗಿ ತೆರೆದು, ಮುಂದೆ ಬ್ರಾಡ್‌ಗೇಜಿಗೆ ಬದಲಾದ ಈ ಹಾದಿಯಲ್ಲಿ ಘಟ್ಟದ ಭಾಗ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೆ ಮೀರಿದ ಸೇತುವೆಗಳು. ಇಂಥ ಎಡೆಯಲ್ಲಿ ಒಂದೇ ಗಾಡಿಯ ಸದ್ದು ಹಲವು ಬಗೆಯಾಗಿ ಕೇಳುವುದು ಸಹಜ. ಸುರಂಗದ ಬಾಯಲ್ಲಿ ನಿಂತವನಿಗೆ ಅದು ತಗ್ಗಿನ ದನಿಯ ಮೊರೆತ. ಕಬ್ಬಿಣದ ಸೇತುವೆಯ ಪಕ್ಕದಲ್ಲಿ ನಿಂತವನಿಗೆ ಕಿವಿ ಚುಚ್ಚುವ ಕಣಕಣ. ಕಣಿವೆಯ ಆಚೆ ದಡದಲ್ಲಿ ಸೌದೆ ಹೊರುವವನಿಗೆ ಮರಗಳ ನಡುವೆ ಸೋಸಿ ಬಂದ ಒಂದು ಗುನುಗು. ಗಾಡಿ ಒಂದೇ, ಗಾಲಿ ಒಂದೇ, ಹಳಿಯೂ ಒಂದೇ. ಕೇಳುವವನು ನಿಂತ ಜಾಗ ಮಾತ್ರ ಬೇರೆ.

ತಂತಿವಾದ್ಯಗಳ ಚರಿತ್ರೆಯಲ್ಲಿ ಈ ‘ಜಾಗ’ದ ಪ್ರಶ್ನೆ ಬಹಳ ಹಳೆಯದು. ಬೆರಳು ತಂತಿಯನ್ನು ಎಲ್ಲಿ ಮೀಟಬೇಕು, ಕುದುರೆ ಹಲಗೆಯ ಮೇಲೆ ಎಲ್ಲಿ ಕೂರಬೇಕು ಎಂಬುದನ್ನು ನಮ್ಮ ವೀಣೆ ಮಾಡುವವರೂ ನುಡಿಸುವವರೂ ತಲೆಮಾರುಗಳಿಂದ ಬಲ್ಲರು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತು ವಾದ್ಯದೊಳಗೆ ಪ್ರವೇಶಿಸಿದಾಗ ಅದಕ್ಕೆ ಮೂರನೆಯ ಪ್ರಶ್ನೆಯೊಂದು ಸೇರಿತು: ತಂತಿಯ ದನಿಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು? ಗಿಟಾರಿನವರು ‘ಪಿಕಪ್’ ಎಂದು ಕರೆಯುವ ಸಣ್ಣ ಉಪಕರಣವನ್ನು ಕುದುರೆಯ ಹತ್ತಿರ ಇಡುವುದೋ, ಕೊರಳಿನ ಹತ್ತಿರ ಇಡುವುದೋ ಎಂಬ ಈ ಪ್ರಶ್ನೆ ಮೇಲುನೋಟಕ್ಕೆ ಬಡಗಿಯ ಕೆಲಸದಂತೆ ಕಾಣುತ್ತದೆ. ಅದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಆ ಕಥೆಯ ಕೆಲವು ಮುಖ್ಯ ಘಟ್ಟಗಳು ನಮ್ಮ ನಾಡಿಗೆ ಸೇರಿದವು.

ವೀಣೆಯ ಗೇಣುದ್ದ

ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲಿ ಭಕ್ತನ ದೇಹವೇ ತಂತಿವಾದ್ಯವಾಗುವ ಚಿತ್ರ ಬರುತ್ತದೆ. ಅಲ್ಲಿ ದಂಡಿಗೆ, ಸೋರೆ, ತಂತಿಗಳ ಹೆಸರು ಬರುವುದನ್ನು ನೋಡಿದರೆ, ಆ ವಾದ್ಯದ ರಚನೆ ಜನರಿಗೆ ಚೆನ್ನಾಗಿ ತಿಳಿದಿದ್ದಿತೆಂದು ಹೇಳಬಹುದು. ಇಂದು ನಾವು ಕಾಣುವ ವೀಣೆಗೆ 24 ಮೆಟ್ಟಿಲುಗಳ ಖಚಿತ ರೂಪ ಬಂದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎಂದು ಪರಂಪರೆ ಹೇಳುತ್ತದೆ. ಮೈಸೂರಿನಲ್ಲಿ ಅದಕ್ಕೆ ತನ್ನದೇ ಒಂದು ಬಾನಿ ಬೆಳೆಯಿತು. ವೀಣೆ ಶೇಷಣ್ಣನವರು (1852–1926), ಅವರ ಶಿಷ್ಯರಾದ ವೆಂಕಟಗಿರಿಯಪ್ಪನವರು, ಅವರಲ್ಲಿ ಕಲಿತ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಎಂಬ ಸಾಲು ಸಂಗೀತಪ್ರಿಯರಿಗೆ ಪರಿಚಿತವಾದುದೇ. ದೊರೆಸ್ವಾಮಿ ಅಯ್ಯಂಗಾರ್ಯರು ಹುಟ್ಟಿದ್ದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಗದ್ದವಳ್ಳಿಯಲ್ಲಿ. ಘಟ್ಟದ ಈಚೆಯ ಈ ಜಿಲ್ಲೆಗೂ ವೀಣೆಯ ನಾದಕ್ಕೂ ಅಷ್ಟರಮಟ್ಟಿನ ನಂಟು ಇದೆ.

ಮೈಸೂರು ಬಾನಿಯ ಹೆಗ್ಗುರುತು ಮೀಟು. ತಂತಿಯನ್ನು ಅಡ್ಡಡ್ಡವಾಗಿ ಎಳೆದೆಳೆದು ಗಮಕ ತೆಗೆಯುವುದಕ್ಕಿಂತ, ಬಿಡಿಬಿಡಿಯಾದ, ಸ್ಫುಟವಾದ, ಆದರೆ ಗಡುಸಲ್ಲದ ಮೀಟಿನಿಂದ ಸ್ವರವನ್ನು ನಿಲ್ಲಿಸುವುದು ಅದರ ರೀತಿ. ಹೀಗಾಗಿ ಮೀಟುವ ಜಾಗ ಇಲ್ಲಿ ಬಹಳ ಮುಖ್ಯವಾಗುತ್ತದೆ. ವೀಣೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು: ಕೊನೆಯ ಮೆಟ್ಟಿಲಿಗೂ ಕುದುರೆಗೂ ನಡುವೆ ಸರಿಸುಮಾರು ಗೇಣುದ್ದದ ಬಯಲಿದೆ. ಬಲಗೈ ಬೆರಳುಗಳ ಆಟವೆಲ್ಲ ಅಲ್ಲಿಯೇ. ಮೆಟ್ಟಿಲಿನ ಕಡೆಗೆ ಸರಿದು ಮೀಟಿದರೆ ದನಿ ತುಂಬಿಕೊಂಡು ಮೆತ್ತಗೆ ಬರುತ್ತದೆ; ಕುದುರೆಯ ಕಡೆಗೆ ಸರಿದು ಮೀಟಿದರೆ ತೆಳ್ಳಗೆ, ಚುರುಕಾಗಿ, ಲೋಹದ ಛಾಯೆಯಿಂದ ಬರುತ್ತದೆ. ನುರಿತ ವೈಣಿಕರು ತಾನದಲ್ಲಿ ಒಂದು ಬಗೆ, ಕೃತಿಯಲ್ಲಿ ಒಂದು ಬಗೆ ಎಂದು ಕೈಯನ್ನು ಈ ಗೇಣಿನೊಳಗೆ ಅತ್ತಿತ್ತ ಸರಿಸುತ್ತಿರುತ್ತಾರೆ. ಸ್ವರ ಅದೇ, ತಂತಿ ಅದೇ, ನಾದದ ಬಣ್ಣ ಬೇರೆ.

ಈ ಗೇಣಿಗೆ ಒಂದು ಲೆಕ್ಕವಿದೆ. ಒಂದು ಸ್ಥಾಯಿಗೆ 12 ಮೆಟ್ಟಿಲು. ಒಂದು ಸ್ಥಾಯಿ ಏರಿದರೆ ತಂತಿಯ ಉದ್ದ ಅರ್ಧವಾಗಬೇಕು. ಎರಡು ಸ್ಥಾಯಿ ಏರಿದರೆ ಕಾಲು ಭಾಗವಾಗಬೇಕು. ಆದುದರಿಂದ 24ನೆಯ ಮೆಟ್ಟಿಲು ನಿಲ್ಲುವುದು ಕುದುರೆಯಿಂದ ತಂತಿಯ ಕಾಲು ಭಾಗದಷ್ಟು ದೂರದಲ್ಲಿ. ವೈಣಿಕರ ಬೆರಳು ಆಡುವುದು ಈ ಕೊನೆಯ ಕಾಲು ಭಾಗದೊಳಗೆ. ವಾಚಕರು ಈ ‘ಕಾಲು ಭಾಗ’ವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಅದು ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಎದುರಾಗುತ್ತದೆ.

ಯಂಗ್ ಹೇಳಿದ ನಿಯಮ, ರಾಮನ್ ಕಂಡ ಅಪವಾದ

ಮೀಟಿದ ತಂತಿ ಒಂದೇ ಸ್ವರವನ್ನು ನುಡಿಯುವುದಿಲ್ಲ. ಇಡೀ ತಂತಿ ಒಂದಾಗಿ ಕಂಪಿಸುವಾಗ ಮೂಲಸ್ವರ ಬರುತ್ತದೆ. ಅದೇ ಹೊತ್ತಿಗೆ ತಂತಿ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ಕಂಪಿಸುತ್ತಿರುತ್ತದೆ. ಅವುಗಳಿಂದ ಉಪಸ್ವರಗಳು ಹುಟ್ಟುತ್ತವೆ. ಮೂಲಸ್ವರವನ್ನು ಒಂದನೆಯದೆಂದು ಎಣಿಸಿದರೆ ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ನಾಲ್ಕನೆಯದು ಮತ್ತೂ ಮೇಲಿನ ಷಡ್ಜ, ಐದನೆಯದು ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಲ್ಲಿ, ಯಾರೂ ಮೀಟದ ಗಾಂಧಾರವೊಂದು ತಾನಾಗಿ ತೇಲಿಬರುತ್ತದೆಯಲ್ಲವೆ? ಅದು ಈ ಐದನೆಯ ಉಪಸ್ವರ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರವೆಂದು ಕರೆದರು. ಯಾವ ಉಪಸ್ವರ ಎಷ್ಟು ಪ್ರಮಾಣದಲ್ಲಿ ಬೆರೆತಿದೆ ಎಂಬುದರ ಮೇಲೆ ನಾದದ ಬಣ್ಣ ನಿಂತಿದೆ.

ತಂತಿ ನಾಲ್ಕು ಭಾಗವಾಗಿ ಕಂಪಿಸುವಾಗ ಭಾಗಗಳು ಕೂಡುವ ಕಡೆ ಅದು ಅಲುಗುವುದೇ ಇಲ್ಲ. ಅಂಥ ನಿಶ್ಚಲ ಬಿಂದುವಿನಲ್ಲಿ ಬೆರಳಿಟ್ಟು ಮೀಟಿದರೆ ಆ ಉಪಸ್ವರ ಹುಟ್ಟಲಾರದು. ತಂತಿಯ ನಟ್ಟನಡುವೆ ಮೀಟಿದರೆ 2, 4, 6ನೆಯವು ಇಲ್ಲವಾಗುತ್ತವೆ. ಕಾಲು ಭಾಗದಲ್ಲಿ ಮೀಟಿದರೆ 4, 8ನೆಯವು ಇಲ್ಲವಾಗುತ್ತವೆ. ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ಇದನ್ನು ತೋರಿಸಿದ. ಮುಂದೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅದಕ್ಕೆ ವಿಸ್ತಾರವಾದ ರೂಪ ಕೊಟ್ಟ.

ಈ ನಿಯಮಕ್ಕೆ ಅಪವಾದ ಸಿಕ್ಕಿದ್ದು ನಮ್ಮ ವಾದ್ಯಗಳಲ್ಲಿ. ಅದನ್ನು ಕಂಡವರು ಚಂದ್ರಶೇಖರ ವೆಂಕಟ ರಾಮನ್. ಮುಂದೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಇಲ್ಲಿ ಕಟ್ಟಿ, 1970ರಲ್ಲಿ ಈ ಊರಿನಲ್ಲೇ ಕಣ್ಣುಮುಚ್ಚಿದ ರಾಮನ್ನರು, ಬೆಳಕಿನ ಸಂಶೋಧನೆಗೆ ಹೆಸರಾಗುವ ಮೊದಲು ಕಲ್ಕತ್ತೆಯಲ್ಲಿ ನಾದದ ಸಂಶೋಧನೆಯಲ್ಲಿ ಮುಳುಗಿದ್ದರು. ಅವರ ಪತ್ನಿ ಲೋಕಸುಂದರಿಯವರು ವೀಣೆ ನುಡಿಸುತ್ತಿದ್ದರೆಂಬುದೂ ಪ್ರಸಿದ್ಧವಾದ ಮಾತು. 1921ರಲ್ಲಿ ರಾಮನ್ನರು ತಂಬೂರಿ ಮತ್ತು ವೀಣೆಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದರು. ಯಂಗನ ನಿಯಮದಂತೆ ಇಲ್ಲವಾಗಬೇಕಾದ ಉಪಸ್ವರಗಳು ಈ ವಾದ್ಯಗಳಲ್ಲಿ ಇಲ್ಲವಾಗುವುದಿಲ್ಲ, ದಿಟ್ಟವಾಗಿ ಕೇಳುತ್ತಲೇ ಇರುತ್ತವೆ ಎಂಬುದು ಅದರ ತಿರುಳು.

ಕಾರಣ ಕುದುರೆಯಲ್ಲಿದೆ. ಪಿಟೀಲಿನ ಕುದುರೆಯ ಅಂಚು ಚೂಪು. ತಂತಿ ಅಲ್ಲಿ ಒಂದೇ ಬಿಂದುವಿನಲ್ಲಿ ಕೊನೆಗೊಳ್ಳುತ್ತದೆ. ವೀಣೆಯ ಕುದುರೆಯ ಮೇಲಾದರೋ ಅಗಲವಾದ, ತುಸು ಬಾಗಿದ ಲೋಹದ ತಗಡು ಇದೆ. ಕಂಪಿಸುವ ತಂತಿ ಆ ಬಾಗಿನ ಮೇಲೆ ಒರಗುತ್ತದೆ, ಏಳುತ್ತದೆ, ಮತ್ತೆ ಒರಗುತ್ತದೆ. ತಂತಿಯ ಕೊನೆ ಎಂಬುದೇ ಕ್ಷಣಕ್ಷಣಕ್ಕೂ ಸ್ಥಳ ಬದಲಿಸುತ್ತದೆ. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ನೂಲಿನ ಎಳೆ ಸೇರಿಸಿ ‘ಜೀವ’ ಹಿಡಿಯುವುದು ಇದನ್ನೇ ಇನ್ನಷ್ಟು ನಾಜೂಕಾಗಿ ಮಾಡುವ ಉಪಾಯ. ಹೀಗೆ ಒರಗಿ ಏಳುವಾಗ ಮೂಲಸ್ವರದ ಶಕ್ತಿ ಉಪಸ್ವರಗಳಿಗೆ ಹಂಚಿಹೋಗುತ್ತದೆ. ಬೆರಳು ಅಳಿಸಿದ್ದನ್ನು ಕುದುರೆ ಮತ್ತೆ ಬರೆಯುತ್ತದೆ. ಗಣಿತ ಬರೆದಿಡದ ನಮ್ಮ ವಾದ್ಯಕಾರರು ಕಿವಿಯೊಂದನ್ನೇ ನಂಬಿ ಈ ಏರ್ಪಾಡನ್ನು ಕಂಡುಕೊಂಡಿದ್ದರು.

ಅಯಸ್ಕಾಂತದ ಕಿವಿ

ರಾಮನ್ನರ ಪ್ರಬಂಧ ಹೊರಬಂದ ಹತ್ತು ವರ್ಷಕ್ಕೆ, 1931ರಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಚಂಪ್ ಎಂಬಾತ ಹವಾಯಿ ಗಿಟಾರಿಗೆ ಒಂದು ಹೊಸ ಕಿವಿಯನ್ನು ಜೋಡಿಸಿದ. ರಿಕನ್‌ಬ್ಯಾಕರನ ಜೊತೆಗೂಡಿ ಅದನ್ನು ಮಾರಾಟಕ್ಕೂ ತಂದ. ದುಂಡನೆಯ ಒಡಲು, ಉದ್ದನೆಯ ಹಿಡಿ ಇದ್ದುದರಿಂದ ಜನ ಅದನ್ನು ‘ಬಾಣಲೆ’ ಎಂದು ಕರೆದರು. ಅದರ ತತ್ತ್ವ ಸರಳ. ಉಕ್ಕಿನ ತಂತಿಯ ಬಳಿ ಅಯಸ್ಕಾಂತ. ಜೊತೆಗೆ ಸಾವಿರಾರು ಸುತ್ತಿನ ತಾಮ್ರದ ಎಳೆಯ ಸುರುಳಿ. ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ಸಂಗತಿಗೆ ಸರಿಯಾಗಿ ನೂರು ವರ್ಷಕ್ಕೆ ದೊರೆತ ಹೊಸ ಉಪಯೋಗವಿದು. ಆ ವಿದ್ಯುತ್ತನ್ನು ಧ್ವನಿವರ್ಧಕ ಮತ್ತೆ ಸದ್ದಾಗಿಸುತ್ತದೆ. ಈ ಕಿವಿ ಗಾಳಿಯ ಮೂಲಕ ಕೇಳುವುದಿಲ್ಲ, ಮರದ ಮೂಲಕವೂ ಕೇಳುವುದಿಲ್ಲ. ತನ್ನ ಎದುರಿಗೆ ಹಾದುಹೋಗುವ ಒಂದಂಗುಲದಷ್ಟು ತಂತಿಯ ಚಲನೆಯನ್ನು ಮಾತ್ರ ಕೇಳುತ್ತದೆ.

ಯಂಗನ ನಿಯಮ ಇಲ್ಲಿ ತಲೆಕೆಳಗಾಗಿ ಮರಳಿ ಬಂದಿತು. ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟದು ಎಂದು ಯಂಗ್ ಹೇಳಿದ್ದ. ನಿಶ್ಚಲ ಬಿಂದುವಿನ ಎದುರು ಪಿಕಪ್ ಇಟ್ಟರೆ, ಹುಟ್ಟಿದ ಉಪಸ್ವರವೂ ಕೇಳದು. ಮೀಟುವ ತಾಣಕ್ಕೂ ಆಲಿಸುವ ತಾಣಕ್ಕೂ ಒಂದೇ ಲೆಕ್ಕ.

ಗಿಬ್ಸನ್ ಕಂಪೆನಿಯವರು 1936ರಲ್ಲಿ ಹೊರತಂದ ಗಿಟಾರಿನಲ್ಲಿ ಪಿಕಪ್ಪನ್ನು ಕೊರಳಿನ ಬಳಿ ಇಟ್ಟರು. ಚಾರ್ಲಿ ಕ್ರಿಶ್ಚಿಯನ್ ಎಂಬ ನೀಗ್ರೋ ಜನಾಂಗದ ತರುಣ ಅದರಲ್ಲಿ ಜಾಸ್ ಸಂಗೀತ ನುಡಿಸಿ, ದುಂಡಗಿನ ತುಂಬುದನಿಯಿಂದ ಕೇಳುಗರನ್ನು ಬೆರಗುಗೊಳಿಸಿದ. 1950ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ, ಸ್ವತಃ ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್ ಗಟ್ಟಿಮರದ ಹಲಗೆಯ ಗಿಟಾರನ್ನು ಮಾಡಿ, ಕುದುರೆಯ ಬಳಿ ಒಂದು, ಕೊರಳಿನ ಬಳಿ ಒಂದು ಪಿಕಪ್ ಕೂರಿಸಿದ. 1954ರಲ್ಲಿ ಅವನ ‘ಸ್ಟ್ರಾಟೋಕಾಸ್ಟರ್’ ಮೂರು ಪಿಕಪ್ಪುಗಳೊಂದಿಗೆ ಬಂದಿತು. ಗಿಬ್ಸನ್ನಿನವರ 1952ರ ‘ಲೆಸ್ ಪಾಲ್’ ಗಿಟಾರಿನಲ್ಲಿ ಎರಡು ಜಾಗಗಳಿಗೆ ಎರಡು ಉದ್ಯೋಗಗಳನ್ನೇ ಹಂಚಿದ್ದರು: ಕೊರಳಿನದು ತಾಳದ ಜೊತೆಗೂಡುವ ‘ರಿದಮ್’ಗೆ, ಕುದುರೆಯದು ಮುಂದೆ ನಿಂತು ಹಾಡುವ ‘ಟ್ರೆಬಲ್’ಗೆ.

ಲೆಕ್ಕವನ್ನು ಒಮ್ಮೆ ನೋಡೋಣ. ಸ್ಟ್ರಾಟೋಕಾಸ್ಟರಿನ ತಂತಿಯ ಉದ್ದ 25½ ಅಂಗುಲ, ಅಂದರೆ ಸುಮಾರು 648 ಮಿಲಿಮೀಟರು. ಕೊರಳಿನ ಪಿಕಪ್ ಕುದುರೆಯಿಂದ ಸುಮಾರು 162 ಮಿಲಿಮೀಟರು ದೂರ. ಸರಿಯಾಗಿ ಕಾಲು ಭಾಗ! ಆ ಗಿಟಾರಿಗೆ 24ನೆಯ ಮೆಟ್ಟಿಲು ಇದ್ದಿದ್ದರೆ ಅದು ಬರಬೇಕಾಗಿದ್ದ ಜಾಗವದು. ಕುದುರೆಯ ಪಿಕಪ್ ಸುಮಾರು 40 ಮಿಲಿಮೀಟರು ದೂರ. ಪ್ರತಿಯೊಂದು ಉಪಸ್ವರಕ್ಕೂ ತಂತಿ ಅತ್ಯಂತ ಹೆಚ್ಚಾಗಿ ಅಲುಗುವ ಜಾಗದಲ್ಲಿ ದೊರೆಯುವ ಬಲವನ್ನು 100 ಎಂದಿಟ್ಟುಕೊಳ್ಳಿ. ಮೂಲಸ್ವರ ಕೊರಳಿನ ಪಿಕಪ್ಪಿಗೆ 71ರಷ್ಟು ಕೇಳುತ್ತದೆ, ಕುದುರೆಯದಕ್ಕೆ 19ರಷ್ಟು. ಎರಡನೆಯ ಉಪಸ್ವರ ಕೊರಳಿಗೆ ಪೂರ್ತಿ 100, ಕುದುರೆಗೆ 38. ಮೂರನೆಯದು 71 ಮತ್ತು 55. ನಾಲ್ಕನೆಯದಕ್ಕೆ ಬಂದಾಗ ಕೊರಳಿನದಕ್ಕೆ ಸೊನ್ನೆ, ಕುದುರೆಯದಕ್ಕೆ 70. ಕೊರಳಿನ ಬಳಿ ದನಿ ದುಂಡಗೆ, ಬೆಚ್ಚಗೆ ಇರುವುದೇಕೆ, ಕುದುರೆಯ ಬಳಿ ಹರಿತವಾಗಿ, ಮೂಗಿನಿಂದ ಬಂದಂತೆ ಇರುವುದೇಕೆ ಎಂಬುದಕ್ಕೆ ಈ ನಾಲ್ಕು ಅಂಕಿಗಳೇ ಉತ್ತರ. ಕುದುರೆಯ ಬಳಿ ಎಲ್ಲವೂ ಮೆಲ್ಲಗೆ ಕೇಳುವುದರಿಂದ, ಅಲ್ಲಿನ ಸುರುಳಿಗೆ ಹೆಚ್ಚು ಸುತ್ತು ಹಾಕುವುದೋ, ಅದನ್ನು ತಂತಿಗೆ ಇನ್ನಷ್ಟು ಸಮೀಪಕ್ಕೆ ಎತ್ತುವುದೋ ರೂಢಿಯಾಯಿತು.

ಎರಡನ್ನೂ ಒಟ್ಟಿಗೆ ಹಚ್ಚಿದರೆ ಇನ್ನೊಂದು ಚೋದ್ಯ. ಐದನೆಯ ಉಪಸ್ವರದಲ್ಲಿ ಈ ಎರಡು ಜಾಗಗಳ ತಂತಿ ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಒಂದರ ಲೆಕ್ಕ ಇನ್ನೊಂದರಿಂದ ಬಹುಮಟ್ಟಿಗೆ ವಜಾ ಆಗುತ್ತದೆ. ನಮ್ಮ ಸ್ವಯಂಭೂ ಗಾಂಧಾರ ಅಲ್ಲಿ ಹೆಚ್ಚುಕಡಿಮೆ ಮಾಯ! ಎರಡು ಜಾಗಗಳಿಂದ ಕೇಳಿದರೆ ಹೆಚ್ಚು ಕೇಳುತ್ತದೆಂಬುದು ಯಾವಾಗಲೂ ನಿಜವಲ್ಲ. ಹೀಗೆ ಕೂಡಿ ಕಳೆದು ಬರುವ ಟೊಳ್ಳುದನಿಗೂ ಅಭಿಮಾನಿಗಳು ಹುಟ್ಟಿದರು. ಮೊದಲು ಸ್ಟ್ರಾಟೋಕಾಸ್ಟರಿನ ಗುಂಡಿಗೆ ಮೂರೇ ನೆಲೆಗಳಿದ್ದವು. ನುಡಿಸುವವರು ಅದನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ಅಕ್ಕಪಕ್ಕದ ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸತೊಡಗಿದರು. ಕೊನೆಗೆ ಕಂಪೆನಿಯೇ 1977ರಲ್ಲಿ ಐದು ನೆಲೆಗಳ ಗುಂಡಿಯನ್ನು ಕೊಟ್ಟಿತು. ವಾದ್ಯ ಮಾಡಿದವನ ಎಣಿಕೆಯನ್ನು ನುಡಿಸುವವನ ಕಿವಿ ತಿದ್ದಿದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಎಡಗೈಯ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರಾಟೋಕಾಸ್ಟರನ್ನು ತಿರುವಿಹಾಕಿ ನುಡಿಸುತ್ತಿದ್ದ. ಓರೆಯಾಗಿ ಕೂರಿಸಿದ ಕುದುರೆಯ ಪಿಕಪ್ ಆಗ ಅದಲು ಬದಲಾಗಿ, ದಪ್ಪ ತಂತಿಗಳನ್ನು ಕುದುರೆಗೆ ಸಮೀಪದಲ್ಲಿ, ತೆಳು ತಂತಿಗಳನ್ನು ದೂರದಲ್ಲಿ ಕೇಳುತ್ತಿದ್ದಿತು. ಅವನ ದನಿಯ ವೈಶಿಷ್ಟ್ಯದಲ್ಲಿ ಇದಕ್ಕೂ ಒಂದು ಪಾಲಿದೆ.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಮೇಲಿನ ಲೆಕ್ಕವೆಲ್ಲ ಬಿಟ್ಟ ತಂತಿಗೆ ಸಲ್ಲುವುದು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಬೆರಳೊತ್ತಿದ ಕೂಡಲೆ ತಂತಿ ಅರ್ಧವಾಗುತ್ತದೆ. ಕಾಲು ಭಾಗದಲ್ಲಿದ್ದ ಪಿಕಪ್ ಈಗ ಉಳಿದ ತಂತಿಯ ನಟ್ಟನಡುವೆ ಬಂದಂತಾಯಿತು. ನೂರಕ್ಕೆ ನೂರು ಕೇಳುತ್ತಿದ್ದ ಎರಡನೆಯ ಉಪಸ್ವರ ಈಗ ಸೊನ್ನೆ. ಸ್ವರ ಬದಲಾದಂತೆಲ್ಲ ನಾದದ ಬಣ್ಣವೂ ಬದಲಾಗುತ್ತ ಹೋಗುತ್ತದೆ. ಬೆರಳಾದರೆ ಸರಿದು ಹೊಂದಿಕೊಂಡೀತು. ಮರಕ್ಕೆ ತಿರುಪುಮೊಳೆ ಹಾಕಿ ಬಿಗಿದ ಪಿಕಪ್ ಸರಿಯಲಾರದು.

ವೀಣೆಗೆ ಮೈಕು

ಇನ್ನು ನಮ್ಮ ಕಡೆಗೆ ಬರೋಣ. ಶೇಷಣ್ಣನವರ ಕಾಲದಲ್ಲಿ ವೀಣೆಗೆ ಈ ಚಿಂತೆಯೇ ಇರಲಿಲ್ಲ. ಅರಮನೆಯ ತೊಟ್ಟಿಯಲ್ಲೋ ಮನೆಯ ಪಡಸಾಲೆಯಲ್ಲೋ ಕೆಲವೇ ಮಾರು ದೂರದಲ್ಲಿ ಕೇಳುವವರು ಕುಳಿತಿರುತ್ತಿದ್ದರು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ತೆರೆದು ಅದಕ್ಕೆ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರಿಟ್ಟರು. ಬಾನುಲಿ ವೀಣೆಗೆ ಒಂದು ರೀತಿಯಲ್ಲಿ ವರವೇ ಆಯಿತು. ಮೆಲುದನಿಯ ವಾದ್ಯ ಮನೆಮನೆಗೂ ಮುಟ್ಟಿತು. ಆದರೆ ಸಭೆಗಳು ದೊಡ್ಡವಾದವು. ಸಾವಿರ ಜನ ಕೂಡುವ ರಾಮೋತ್ಸವದ ಚಪ್ಪರದಲ್ಲಿ ಮೃದಂಗ, ಘಟಗಳ ನಡುವೆ ವೀಣೆಯ ಮೀಟು ಮೂರನೆಯ ಸಾಲಿಗೂ ತಲುಪದಾಯಿತು. ಗಾಳಿಯಲ್ಲಿ ಕೇಳುವ ಮೈಕನ್ನು ವೀಣೆಯ ಮುಂದಿಟ್ಟರೆ ಪಕ್ಕದ ಮೃದಂಗವೂ ಅದಕ್ಕೆ ಕೇಳುತ್ತದೆ. ದನಿ ಏರಿಸಿದರೆ ಕೂಗು ಹಾಕುತ್ತದೆ.

ಗಿಟಾರಿನ ಅಯಸ್ಕಾಂತದ ಪಿಕಪ್ಪನ್ನು ವೀಣೆಗೆ ಹಾಕೋಣವೆಂದರೆ ಎರಡು ತೊಡಕು. ಮಂದ್ರ, ಅನುಮಂದ್ರಗಳಿಗೆ ಹಿತ್ತಾಳೆಯ ತಂತಿ ಹಾಕುವ ವಾಡಿಕೆಯುಂಟು; ಅಯಸ್ಕಾಂತಕ್ಕೆ ಹಿತ್ತಾಳೆ ಕಾಣುವುದೇ ಇಲ್ಲ. ಎರಡನೆಯದು ಗಮಕ. ವೈಣಿಕ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಲಾಗಿ ಎಳೆದಾಗ ಅದು ಅಯಸ್ಕಾಂತದ ಮೊನೆಯಿಂದ ಪಕ್ಕಕ್ಕೆ ಸರಿದು ದನಿ ಕುಗ್ಗಬಹುದು. ಕುದುರೆಯ ಬಳಿ ಈ ಸರಿತ ಕಡಿಮೆ, ಆದರೆ ಅಲ್ಲಿ ದನಿ ತೆಳು; ಮೆಟ್ಟಿಲಿನ ಬಳಿ ದನಿ ತುಂಬು, ಆದರೆ ಅಲ್ಲಿ ಸರಿತ ಹೆಚ್ಚು, ಮೇಲಾಗಿ ಅದು ಬೆರಳಾಡುವ ಬಯಲು. ಹೀಗಾಗಿ ಬಹುಮಂದಿ ಕೊಡದ ಮೇಲ್ಹಲಗೆಗೆ ಅಂಟಿಸುವ ‘ಕಾಂಟ್ಯಾಕ್ಟ್ ಮೈಕ’ನ್ನು ಹಿಡಿದರು. ಅದು ಮರದ ನಡುಕವನ್ನು ಕೇಳುವ ಕಿವಿ. ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ಗುಣವೊಂದು ಇಂಥ ಅನೇಕ ಮೈಕುಗಳಿಗೆ ಆಧಾರ: ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆ.

ಇಲ್ಲಿಯೂ ಜಾಗದ ಪ್ರಶ್ನೆ ತಪ್ಪಲಿಲ್ಲ. ಕುದುರೆಯ ಪಕ್ಕದಲ್ಲೇ ಅಂಟಿಸಿದರೆ ಉಗುರು ತಂತಿಗೆ ತಗಲುವ ಟಕ್ಕೆಂಬ ಸದ್ದು, ಮೆಟ್ಟಿಲ ಮೇಲೆ ಬೆರಳು ಉಜ್ಜುವ ಸದ್ದು ಎಲ್ಲವೂ ದೊಡ್ಡದಾಗುತ್ತವೆ. ದೂರ ಸರಿಸಿದರೆ ಅವು ಮರೆಯಾಗಿ ದನಿ ಮಂಕಾಗುತ್ತದೆ, ಕೊಡದೊಳಗಿಂದ ಮಾತಾಡಿದಂತಾಗುತ್ತದೆ. ಕೆಲವು ಅಂಗುಲಗಳ ಅಂತರದಲ್ಲಿ ಒಂದೇ ವೀಣೆ ಎರಡು ವೀಣೆಗಳಂತೆ ಕೇಳುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ವಾದ್ಯ ಬದಲಾದಂತೆ ನುಡಿಸುವ ರೀತಿಯೂ ಬದಲಾಗತೊಡಗಿತು. ಮೀಟಿದ ಸ್ವರ ವಿದ್ಯುತ್ತಿನ ಬಲದಿಂದ ದೀರ್ಘವಾಗಿ ಕೇಳುತ್ತದೆಂದ ಮೇಲೆ ಮೀಟುಗಳು ಕಡಿಮೆಯಾಗುತ್ತವೆ, ಎಳೆತ ಹೆಚ್ಚುತ್ತದೆ. ವೀಣೆ ಕೊರಳನ್ನು ಹೋಲತೊಡಗುತ್ತದೆ. ಅದನ್ನು ಮೆಚ್ಚುವವರು ಅದೇ ಸರಿಯೆಂದರು. ಬಿಡಿಮೀಟಿನ ಸೊಗಸನ್ನು ಬಾಳಿನುದ್ದಕ್ಕೂ ಸಾಧಿಸಿದ ಮೈಸೂರು ಬಾನಿಯವರಿಗೆ ಇದು ಸಣ್ಣ ವಿಷಯವಲ್ಲ. ಅವರ ಬಾನಿಯ ಜೀವವಿರುವುದು ಮೀಟಿನ ಮೊದಲ ಕ್ಷಣದಲ್ಲಿ. ಕಿವಿಯ ಜಾಗ ತಪ್ಪಿದರೆ ಮೊದಲು ಕೆಡುವುದು ಆ ಕ್ಷಣವೇ.

ಬೆಂಗಳೂರಿನಲ್ಲಿ ಈ ತೊಡಕಿಗೆ ಬೇರೆ ಉತ್ತರಗಳನ್ನೂ ಹುಡುಕಿದ್ದಾರೆ. ಎಲೆಕ್ಟ್ರಾನಿಕ್ ತಂಬೂರಿಗೆ ಹೆಸರಾದ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆಯನ್ನು ರೂಪಿಸಿದರು. ವಿದುಷಿ ಸುಮಾ ಸುಧೀಂದ್ರ ಅವರು ‘ತರಂಗಿಣಿ ವೀಣೆ’ಯನ್ನು ಬೆಳಕಿಗೆ ತಂದರು. ಹೊತ್ತೊಯ್ಯಲು ಹಗುರ, ದೊಡ್ಡ ಸಭೆಯಲ್ಲಿ ಸ್ಪಷ್ಟ ಎಂಬ ಅನುಕೂಲಗಳು ಇಂಥ ವಾದ್ಯಗಳಿಗೆ ಇದ್ದೇ ಇವೆ.

ಬೀಟೆಯ ಪಾಲು

ಈ ಚರ್ಚೆಯಲ್ಲಿ ಮರದ ಪಾಲೆಷ್ಟು? ವೀಣೆಯಲ್ಲಿ ಅದು ಬಹಳ. ತಂಜಾವೂರಿನವರು ಹಲಸನ್ನು ಕೊರೆದು ವೀಣೆ ಮಾಡಿದರೆ, ಮೈಸೂರಿನಲ್ಲಿ ಹಿಂದೆ ಬೀಟೆಯನ್ನೂ ಬಳಸುತ್ತಿದ್ದರು. ಸಕಲೇಶಪುರ, ಆಲೂರುಗಳ ಕಾಫಿ ತೋಟಗಳಲ್ಲಿ, ಎಡಕುಮೇರಿಯ ಸುತ್ತಣ ಘಟ್ಟಸೀಮೆಯಲ್ಲಿ ಹಲಸೂ ಬೀಟೆಯೂ ಮಲೆನಾಡಿನವರಿಗೆ ಮನೆಯ ಮರಗಳಿದ್ದಂತೆ. ಬೀಟೆಯನ್ನು ಮಾತ್ರ ತೋಟದ ಒಡೆಯನೂ ಸರ್ಕಾರದ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ.

ವಿಚಿತ್ರವೆಂದರೆ ಗಿಟಾರಿನವರೂ ಈ ಮರಕ್ಕಾಗಿಯೇ ನಮ್ಮ ಪಶ್ಚಿಮ ಘಟ್ಟದ ಕಡೆ ನೋಡಿದರು. ಬೆರಳೊತ್ತುವ ಪಟ್ಟಿಗೆ ಅವರು ಮೊದಲು ಬ್ರೆಜಿಲಿನ ಬೀಟೆಯನ್ನು ಬಳಸುತ್ತಿದ್ದರು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆಹಾಕಿತು. ಆಗ ಭಾರತದ ಬೀಟೆ ಆ ಸ್ಥಾನಕ್ಕೆ ಬಂದಿತು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ನಿಯಂತ್ರಣಕ್ಕೆ ತಂದರು. ಸಿದ್ಧಪಡಿಸಿದ ಸಂಗೀತವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಗಟ್ಟಿ ಹಲಗೆಯ ಗಿಟಾರಿನಲ್ಲಿ ಮರದ ಜಾತಿಗಿಂತ ಪಿಕಪ್ಪಿನ ಜಾಗವೇ ದನಿಯನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ. ನಿಧಾನವಾಗಿ ಬೆಳೆಯುವ ಬೀಟೆಯ ಮರವನ್ನು ದನಿಯ ಹೆಸರಿನಲ್ಲಿ ಉರುಳಿಸುವ ಮೊದಲು, ಪಿಕಪ್ಪನ್ನು ಅರ್ಧ ಅಂಗುಲ ಅತ್ತಿತ್ತ ಸರಿಸಿ ನೋಡುವುದು ವಿವೇಕ. ವೀಣೆಯ ಮಾತು ಬೇರೆ. ಅಲ್ಲಿ ಮರವೇ ನುಡಿಯುತ್ತದೆ. ಅದರ ದನಿಯನ್ನು ತಂತಿಯ ಅಡಿಯಿಂದ ಮಾತ್ರ ಎತ್ತಿಕೊಂಡರೆ, ರಾಮನ್ನರು ಕಂಡ ಕುದುರೆಯ ಚಮತ್ಕಾರ ತಂತಿಯಲ್ಲೇ ಇರುವುದರಿಂದ ಅದು ಕೇಳೀತು. ಕೊಡದ ಗಾಂಭೀರ್ಯ ಕೇಳದು.

ಯಾರ ಕಿವಿ?

ಕನ್ನಡ ಪಾಠ ಹೇಳುವ ನನ್ನಂಥವರಿಗೆ ಇಲ್ಲಿ ಕಾವ್ಯಮೀಮಾಂಸೆ ನೆನಪಾಗದಿರದು. ನಮ್ಮ ‘ಕವಿರಾಜಮಾರ್ಗ’ ಹುಟ್ಟಿದ ಒಂಬತ್ತನೆಯ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮ ಧ್ವನಿಯೆಂದ. ಘಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನವನ್ನು ಅದಕ್ಕೆ ಹೋಲಿಕೆಯಾಗಿ ತೆಗೆದುಕೊಂಡ. ಮಾತು ಒಂದೇ ಆದರೂ ಸಹೃದಯನಿಗೆ ಕೇಳುವ ಅರ್ಥ ಬೇರೆ. ತಂತಿಯ ವಿಷಯದಲ್ಲಿ ಪಿಕಪ್ ಅಂಥದೊಂದು ಸಹೃದಯನ ಸ್ಥಾನದಲ್ಲಿ ನಿಂತಿದೆ. ತಂತಿ ಎಲ್ಲವನ್ನೂ ನುಡಿಯುತ್ತದೆ. ಅದರಲ್ಲಿ ಯಾವುದು ಲೋಕಕ್ಕೆ ಕೇಳಬೇಕು, ಯಾವುದು ಕೇಳಬಾರದು ಎಂದು ತೀರ್ಮಾನಿಸುವುದು ಆ ಪುಟ್ಟ ಉಪಕರಣದ ಜಾಗ.

ಆದುದರಿಂದ ಕೇಳಬೇಕಾದ ಪ್ರಶ್ನೆ: ಆ ಜಾಗವನ್ನು ಆರಿಸುವವರು ಯಾರು? ಗಿಟಾರಿನ ಚರಿತ್ರೆಯಲ್ಲಿ ಮೊದಲು ಆರಿಸಿದವನು ಕಾರ್ಖಾನೆಯವನು. ನುಡಿಸುವವರು ಹಟ ಹಿಡಿದು ಅವನನ್ನು ತಿದ್ದಿದರು. ನಮ್ಮಲ್ಲಿ ಹಲವು ಸಭೆಗಳಲ್ಲಿ ವೀಣೆಯ ಮೈಕು ಎಲ್ಲಿ ಅಂಟಬೇಕೆಂಬುದನ್ನು, ಕಛೇರಿ ಆರಂಭವಾಗಲು ಐದು ನಿಮಿಷವಿರುವಾಗ ಧ್ವನಿವರ್ಧಕದವರು ನಿಶ್ಚಯಿಸುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಬೆವರು ಸುರಿಸಿ ಗಳಿಸಿದ ಮೀಟು ಆ ಐದು ನಿಮಿಷದ ಅವಸರಕ್ಕೆ ಒಪ್ಪಿಸಿಬಿಡುವಂಥ ವಸ್ತುವೆ? ಮೈಕು ಬೇಡವೆನ್ನುವುದು ಇಂದಿನ ಕಾಲಕ್ಕೆ ಸಲ್ಲದ ಮಾತು. ದೊಡ್ಡ ಸಭೆ ಬೇಕು, ಯುವಕರು ವೀಣೆಯನ್ನು ಕೇಳಬೇಕು ಎಂದರೆ ವಿದ್ಯುತ್ತಿನ ನೆರವು ಬೇಕೇಬೇಕು. ವಿದ್ಯಾರ್ಥಿಗಳಿಗೆ ಶ್ರುತಿ ಮಾಡುವುದನ್ನು ಕಲಿಸುವಂತೆ, ಮೈಕು ಇಡುವ ಜಾಗವನ್ನು ಕಿವಿಯಿಂದ ಹುಡುಕುವುದನ್ನೂ ಗುರುಗಳು ಕಲಿಸಬೇಕು. ಅದೂ ಇಂದಿನ ಸಂಗೀತಶಿಕ್ಷಣದ ಒಂದು ಪಾಠವೇ.

ವೀಣೆ ಮಾಡುವವರ ಒಂದು ಪದ್ಧತಿ ಇಲ್ಲಿ ದಾರಿ ತೋರಬಲ್ಲುದು. ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಗಾಡಿ ತೋಡಿ ಹೊಡೆದು ಕೂರಿಸುತ್ತಾರೆ. ಅವು ಮತ್ತೆ ಕದಲವು. ವೀಣೆಯ ಮೆಟ್ಟಿಲುಗಳನ್ನಾದರೋ ಮೇಣದ ಮೇಲೆ ನಿಲ್ಲಿಸುತ್ತಾರೆ. ಮೇಳ ಕಟ್ಟುವವನು ಒಂದೊಂದು ಸ್ವರವನ್ನೂ ಮೀಟಿ, ಆಲಿಸಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ ನೋಡುತ್ತಾನೆ. ವರ್ಷಗಳು ಕಳೆದು ಸ್ವರ ತಪ್ಪಿದರೆ ಮೇಣ ಕರಗಿಸಿ ಹೊಸದಾಗಿ ಕಟ್ಟುತ್ತಾನೆ. ಕಿವಿಯ ತೀರ್ಪು ಬದಲಾದಂತೆ ವಾದ್ಯವೂ ಬದಲಾಗುವುದಕ್ಕೆ ಅಲ್ಲಿ ಎಡೆಯಿದೆ. ವಿದ್ಯುತ್ತಿನ ಕಿವಿಯನ್ನೂ ನಾವು ಹಾಗೆಯೇ, ಮೇಣದ ಮೇಲೆ ಇಟ್ಟಂತೆ ಇಟ್ಟುಕೊಳ್ಳಬೇಕು.